ಎರಡಡಿ ಟ್ಯಾಂಕ್, ಬೋರ್‌ವೆಲ್ ನೀರು, ತುಂಬಾ ಗಿಡ: ಇದರಲ್ಲಿ ಸಿಕ್ಲಿಡ್ ಸಾಕಬಹುದಾ?

ಹೇಮಾವತಿ_ಹುಡುಗ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಾನು ಫಸ್ಟ್ ಪಿಯುಸಿ. ಹೈಸ್ಕೂಲಿನಿಂದ ಗಪ್ಪಿ, ಮಾಲಿ ಸಾಕುತ್ತಾ ಬಂದಿದ್ದೇನೆ. ಈಗ ಮಾವ ಅವರ ಮನೆಯ ಎರಡಡಿ ಟ್ಯಾಂಕ್ ಕೊಟ್ಟಿದ್ದಾರೆ. 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರ. ಸ್ಪಾಂಜ್ ಫಿಲ್ಟರ್ ಇದೆ, ಸಾಧಾರಣ ಎಲ್‌ಇಡಿ ಲೈಟ್ ಇದೆ. ಸಿಒ2 ಸಿಲಿಂಡರ್‌ಗೆ ದುಡ್ಡಿಲ್ಲ.

ನನಗೆ ಟ್ಯಾಂಕ್ ತುಂಬಾ ನಿಜವಾದ ಗಿಡ ಬೇಕು, ಅದರ ಮಧ್ಯೆ ಸಿಕ್ಲಿಡ್ ಜಾತಿಯ ಮೀನು ಬೇಕು. ಮರಿಗಳನ್ನು ಹಿಂದೆ ಕಟ್ಟಿಕೊಂಡು ಓಡಾಡುವ ಮೀನಿನ ವಿಡಿಯೋ ನೋಡಿದಾಗಿನಿಂದ ಬೇರೆ ಮೀನು ಕಣ್ಣಿಗೇ ಹತ್ತುತ್ತಿಲ್ಲ. ಆದರೆ ಇಲ್ಲಿ ಒಂದು ಅಂಗಡಿಯವರು "ಸಿಕ್ಲಿಡ್ ಅಂದ್ರೆ ಪ್ಲಾಸ್ಟಿಕ್ ಗಿಡವೇ ಗತಿ" ಅಂದರು. ಇನ್ನೊಬ್ಬರು ಹಳದಿ, ನೀಲಿ ಆಫ್ರಿಕನ್ ಮರಿಗಳನ್ನು ತೋರಿಸಿ "ಹತ್ತು ತಗೊಂಡು ಹೋಗು, ಏನೂ ಆಗಲ್ಲ" ಅಂದರು. ಯಾರ ಮಾತು ನಂಬಬೇಕು ಗೊತ್ತಾಗುತ್ತಿಲ್ಲ.

ನೀರಿನ ವಿಷಯ: ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) 640, ಪಿಎಚ್ 8ರ ಹತ್ತಿರ. ಹೇಮಾವತಿ ನೀರು ನಲ್ಲಿಯಲ್ಲಿ ಬಂದ ದಿನ ಹಿಡಿದಿಟ್ಟರೆ ಅದರ ಟಿಡಿಎಸ್ 210. ದಯವಿಟ್ಟು ಹೇಳಿ, ಇದು ಆಗುವ ಕೆಲಸವಾ?

ಗಾಜಿನಕೆರೆ (ಬೆಂಗಳೂರು)

ತಮ್ಮಾ, ಮೊದಲು ಆ ಹತ್ತು ಮರಿಗಳನ್ನು ಮರೆತುಬಿಡು. ಅಂಗಡಿಯಲ್ಲಿ ಮಿಕ್ಸ್ ಆಫ್ರಿಕನ್ ಅಂತ ಮಾರುವುದರಲ್ಲಿ ಜಾಸ್ತಿ ಪಾಲು ಮಲಾವಿ ಸರೋವರದ ಎಂಬುನಾ ಮೀನುಗಳು. ಬಂಡೆಗಳ ಮಧ್ಯೆ ಬದುಕುವ ಜಾತಿ. ಬಂಡೆಯ ಮೇಲಿನ ಪಾಚಿಯನ್ನು ಹೆರೆದು ತಿನ್ನುವುದೇ ಅವುಗಳ ದಿನವಿಡೀ ಕೆಲಸ. ಮೆತ್ತನೆಯ ಎಲೆ ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟಿರುವಾಗ ಚೆಂದ ಕಾಣುತ್ತವೆ. ಬೆಳೆದ ಮೇಲೆ ಒಂದು ಗಂಡು ಇಡೀ ಎರಡಡಿ ಟ್ಯಾಂಕನ್ನು ತನ್ನದು ಅಂತ ಹಿಡಿದುಕೊಂಡು ಉಳಿದವನ್ನು ಮೂಲೆಗೆ ತಳ್ಳಿ ಕೊಲ್ಲುತ್ತದೆ. ಎಂಬುನಾಗೆ ನಾಲ್ಕಡಿ ಟ್ಯಾಂಕ್ ಬೇಕು, ಮೂರಡಿ ಅಂದರೂ ಇಕ್ಕಟ್ಟು.

ಇನ್ನೊಂದು ಮಾತು. ಆಸ್ಕರ್ ಮರಿಯನ್ನೂ ಮುಟ್ಟಬೇಡ. ಎರಡು ಇಂಚಿನದು ಒಂದೂವರೆ ವರ್ಷದೊಳಗೆ ಒಂದಡಿ ಆಗುತ್ತದೆ. ಗಿಡ ಕೀಳುತ್ತದೆ, ಹೀಟರನ್ನೇ ಕಿತ್ತು ಎಳೆದಾಡುತ್ತದೆ. ಫ್ಲವರ್‌ಹಾರ್ನ್ ಕಥೆಯೂ ಅದೇ.

ಹಾಗಾಗಿ ನನ್ನ ಅಭಿಪ್ರಾಯ: ಎರಡಡಿಯಲ್ಲಿ ಗಿಡ ಬೇಕಾದರೆ ಟೆಟ್ರಾ ಸಾಕು. ಸಿಕ್ಲಿಡ್ ಆಸೆಯನ್ನು ದೊಡ್ಡ ಟ್ಯಾಂಕ್ ಬರುವವರೆಗೆ ಇಟ್ಟುಕೋ.

ಮೈಸೂರು_ಜಲಸಸ್ಯ

ಗಾಜಿನಕೆರೆ ಸರ್, ಎಂಬುನಾ ಬಗ್ಗೆ ನೀವು ಹೇಳಿದ್ದು ಅಕ್ಷರಶಃ ನಿಜ. ಆದರೆ ಕೊನೆಯ ಸಾಲು ಒಪ್ಪಲ್ಲ. ಸಿಕ್ಲಿಡ್ ಅಂದರೆ ಒಂದು ಮೀನಲ್ಲ, ದೊಡ್ಡ ಕುಟುಂಬ. ಒಂದಡಿ ಉದ್ದದ ಆಸ್ಕರೂ ಅದರಲ್ಲೇ ಇದೆ, ಬೆರಳುದ್ದದ ಏಪಿಸ್ಟೋಗ್ರಾಮಾ ಕೂಡ ಅದರಲ್ಲೇ ಇದೆ. ಗಿಡ ಮತ್ತು ಸಿಕ್ಲಿಡ್ ಜಗಳವಾಡುವುದು ನಾವು ತಪ್ಪು ಜೋಡಿ ಕೂಡಿಸಿದಾಗ ಮಾತ್ರ. ಕೆಲವು ಸಿಕ್ಲಿಡ್‌ಗಳಿಗೆ ಗಿಡ ಇಲ್ಲದಿದ್ದರೆ ಧೈರ್ಯವೇ ಬರುವುದಿಲ್ಲ, ಬಣ್ಣವೂ ಏರುವುದಿಲ್ಲ.

ಹುಡುಗಾ, ನಿನ್ನ ಟ್ಯಾಂಕಿನಲ್ಲಿ ಸುಮಾರು 64 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು ಹೋಗಿ 50–55 ಅಂದುಕೋ. ಅದರಲ್ಲಿ ಒಂದೇ ಒಂದು ಜೊತೆ ಚಿಕ್ಕ ಸಿಕ್ಲಿಡ್ ಚೆನ್ನಾಗಿ ಬಾಳುತ್ತದೆ. ಒಂದೇ ಜೊತೆ. ಎರಡನೇ ಜೊತೆ ಬೇಡ, ಎರಡನೇ ಜಾತಿಯ ಸಿಕ್ಲಿಡ್ ಅಂತೂ ಬೇಡವೇ ಬೇಡ.

ನನ್ನ ಆಯ್ಕೆ ಕ್ರಿಬೆನ್ಸಿಸ್. ಅಂಗಡಿಯಲ್ಲಿ ಕ್ರಿಬ್ ಅಂತಲೇ ಕೇಳು. ನೈಜೀರಿಯಾ ಕಡೆಯ ಹೊಳೆ, ತೊರೆಗಳ ಮೀನು. ಗಂಡು ಸುಮಾರು ನಾಲ್ಕು ಇಂಚು, ಹೆಣ್ಣು ಮೂರು. ಹೆಣ್ಣೇ ಇಲ್ಲಿ ಚೆಲುವೆ: ಮೊಟ್ಟೆಗೆ ಬಂದಾಗ ಹೊಟ್ಟೆ ಕಡು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗಂಡಿನ ಎದುರು ಮೈಯನ್ನು ಬಿಲ್ಲಿನಂತೆ ಬಗ್ಗಿಸಿ, ಆ ಹೊಟ್ಟೆಯನ್ನು ತೋರಿಸುತ್ತಾ ಸಣ್ಣಗೆ ನಡುಗುತ್ತದೆ. ಅದನ್ನು ನೋಡಲು ನಾನು ಎಷ್ಟೋ ಸಂಜೆ ಅಡುಗೆ ಮುಂದೂಡಿದ್ದೇನೆ. ಗುಹೆಯ ಒಳಗಿನ ಚಾವಣಿಗೆ ಮೊಟ್ಟೆ ಅಂಟಿಸುತ್ತವೆ. ಎರಡು ಮೂರು ದಿನಕ್ಕೆ ಒಡೆಯುತ್ತವೆ, ಆಮೇಲೆ ವಾರದೊಳಗೆ ಮರಿಗಳು ಈಜಲು ಶುರು. ಅಪ್ಪ ಅಮ್ಮ ಇಬ್ಬರೂ ಸೇರಿ ಮರಿಗಳನ್ನು ಮೇಯಿಸಿಕೊಂಡು ಬರುತ್ತವೆ. ನೀನು ವಿಡಿಯೋದಲ್ಲಿ ನೋಡಿದ್ದು ಇದೇ ಇರಬೇಕು.

ಕ್ರಿಬ್ ಗಿಡ ತಿನ್ನುವುದಿಲ್ಲ ಅಂತಲೇ ಹೇಳಬಹುದು. ಮರಳು ಮಾತ್ರ ಅಗೆಯುತ್ತದೆ. ಗುಹೆಯ ಬಾಗಿಲಲ್ಲಿ, ಬೇರಿನ ಬುಡದಲ್ಲಿ. ಅದನ್ನು ತಪ್ಪಿಸಲು ಆಗುವುದಿಲ್ಲ. ಗಿಡವನ್ನೇ ಅದಕ್ಕೆ ತಕ್ಕಂತೆ ಆರಿಸಬೇಕು.

ಬಿಸಿಲುನಾಡು (ಕಲಬುರಗಿ)

ಅಕ್ಕಾವ್ರು ಹೇಳಿದ್ದು ಖರೆ ಅದ. ಆದ್ರ ರ‍್ಯಾಮ್ ಮೀನಿನ ಬಗ್ಗೆ ಯಾರೂ ಮಾತಾಡಲಿಲ್ಲಲ್ರಿ? ಗಿಡದ ಟ್ಯಾಂಕಿಗೆ ಅದಕ್ಕಿಂತ ಚೆಂದದ್ದು ಯಾವುದಿದೆ?

ಮೈಸೂರು_ಜಲಸಸ್ಯ

ಚೆಂದದಲ್ಲಿ ಎರಡು ಮಾತಿಲ್ಲ ಸರ್. ಆದರೆ ಮೊದಲ ಸಿಕ್ಲಿಡ್ ಆಗಿ ಜರ್ಮನ್ ಬ್ಲೂ ರ‍್ಯಾಮ್ ಅನ್ನು ನಾನು ಯಾವ ಹೊಸಬರಿಗೂ ಹೇಳುವುದಿಲ್ಲ. ಅದು ವೆನಿಜುವೆಲಾ, ಕೊಲಂಬಿಯಾದ ಬಿಸಿ ಬಯಲಿನ ಮೀನು. 27ರಿಂದ 30 ಡಿಗ್ರಿ ಬೇಕು. ನೀರು ಮೆದುವಾಗಿರಬೇಕು, ಹಳೆಯ ಸ್ಥಿರವಾದ ಟ್ಯಾಂಕ್ ಬೇಕು. ನೈಟ್ರೇಟ್ ಏರಿದರೆ ಸಹಿಸುವುದಿಲ್ಲ. ಬಣ್ಣಕ್ಕೆ ಹಾರ್ಮೋನ್ ಕೊಟ್ಟು ಬೆಳೆಸಿದ ಮರಿಗಳೂ ಮಾರುಕಟ್ಟೆಗೆ ಬರುತ್ತವೆ. ತುಮಕೂರಿನ ಚಳಿಗಾಲದ ರಾತ್ರಿ, 640 ಟಿಡಿಎಸ್ ನೀರು, ಹೊಸ ಟ್ಯಾಂಕ್: ಮೂರೂ ಅದಕ್ಕೆ ವಿರುದ್ಧ. ರ‍್ಯಾಮ್ ಆಸೆಯೇ ಇದ್ದರೆ ಬೊಲಿವಿಯನ್ ರ‍್ಯಾಮ್ ನೋಡಬಹುದು. ಬಣ್ಣ ಕಡಿಮೆ, ಗಟ್ಟಿತನ ಜಾಸ್ತಿ.

ಏಪಿಸ್ಟೋದಲ್ಲಿ ಕ್ಯಾಕಟುವಾಯ್ಡಿಸ್ ಒಂದು ಪರವಾಗಿಲ್ಲ, ಗಟ್ಟಿ ಜಾತಿ. ಆದರೆ ಮೊಟ್ಟೆ ಇಟ್ಟ ಹೆಣ್ಣು ಅರಿಶಿನ ಬಳಿದಂತೆ ಹಳದಿಯಾಗಿ ಗಂಡನ್ನೇ ಅಟ್ಟಾಡಿಸುತ್ತದೆ. ಎರಡಡಿಯಲ್ಲಿ ಗಂಡಿಗೆ ಓಡಲು ಜಾಗ ಸಾಲುವುದಿಲ್ಲ. ಗಿಡ ದಟ್ಟವಾದ ಮೇಲೆ ಮಾತ್ರ ಆ ಯೋಚನೆ.

ಹೇಮಾವತಿ_ಹುಡುಗ

ಅಕ್ಕ, ತುಂಬಾ ಥ್ಯಾಂಕ್ಸ್. ಕ್ರಿಬ್ ಫೋಟೋ ನೋಡಿದೆ, ಅದೇ ಮೀನು! ಎರಡು ಪ್ರಶ್ನೆ. ಏಂಜೆಲ್ ಫಿಶ್ ಕೂಡ ಸಿಕ್ಲಿಡ್ ಅಂತ ಓದಿದೆ, ಅದು ಆಗಲ್ವಾ? ಇನ್ನೊಂದು, ಬೋರ್‌ವೆಲ್ ನೀರನ್ನೇ ಹಾಕಬಹುದಾ, ಇಲ್ಲ ಆರ್‌ಒ ನೀರು ಬೆರೆಸಬೇಕಾ?

ಗಾಜಿನಕೆರೆ

ಏಂಜೆಲ್ ಬೇಡ. ಅದು ಉದ್ದಕ್ಕಿಂತ ಎತ್ತರಕ್ಕೆ ಬೆಳೆಯುವ ಮೀನು. ರೆಕ್ಕೆ ಸೇರಿ ಒಂದು ಗೇಣು ಮೀರುತ್ತದೆ. ನೀರಿನ ಎತ್ತರವೇ 45 ಸೆಂ.ಮೀ. ಬೇಕು. ನಿನ್ನದು ಒಟ್ಟು 36. ಜೊತೆಗೆ ಬೆಳೆದ ಏಂಜೆಲ್ ನಿಯಾನ್ ಟೆಟ್ರಾಗಳನ್ನು ಸಲೀಸಾಗಿ ನುಂಗುತ್ತದೆ.

ಕ್ರಿಬ್ ವಿಚಾರದಲ್ಲಿ ಮೈಸೂರು ಮೇಡಂ ಸರಿ. ಒಂದು ಜೊತೆಯಾದರೆ ಆಗುತ್ತದೆ, ಒಪ್ಪಿದೆ.

ಮೈಸೂರು_ಜಲಸಸ್ಯ

ನೀರಿನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ನಮ್ಮ ಕಡೆ ಹೆಚ್ಚಿನ ತೊಂದರೆ ಶುರುವಾಗುವುದು ಅಲ್ಲಿಂದಲೇ.

ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ್ದು ಎಷ್ಟು ಅಂತ ಹೇಳುತ್ತದೆ, ಏನು ಅಂತ ಹೇಳುವುದಿಲ್ಲ. ಸುಣ್ಣವಾ, ಉಪ್ಪಾ, ನೈಟ್ರೇಟಾ ಅದಕ್ಕೆ ಗೊತ್ತಿಲ್ಲ. ಜಿಎಚ್ (ಒಟ್ಟು ಗಡಸುತನ), ಕೆಎಚ್ (ಕಾರ್ಬನೇಟ್ ಗಡಸುತನ) ನೋಡುವ ಹನಿ ಟೆಸ್ಟ್ ಕಿಟ್ ಒಂದು ತಗೋ. ಅಮೋನಿಯಾ, ನೈಟ್ರೈಟ್ ಕಿಟ್ ಅಂತೂ ಬೇಕೇ ಬೇಕು. ಸಿಒ2 ಸಿಲಿಂಡರ್‌ಗಿಂತ ಮೊದಲು ದುಡ್ಡು ಹಾಕಬೇಕಾದದ್ದು ಇದಕ್ಕೆ.

ಆರ್‌ಒ ಈಗ ಬೇಡ. ಅರ್ಧ ಬೋರ್‌ವೆಲ್, ಅರ್ಧ ಹೇಮಾವತಿ ಬೆರೆಸಿದರೆ ಟಿಡಿಎಸ್ 425ರ ಹತ್ತಿರ ಬರುತ್ತದೆ. ಕ್ರಿಬ್ ಅದರಲ್ಲಿ ಆರಾಮಾಗಿ ಇರುತ್ತದೆ. ಯಾವ ಪ್ರಮಾಣ ಹಿಡಿದೆಯೋ ಅದನ್ನೇ ಪ್ರತಿ ವಾರ ಹಿಡಿ. ಇವತ್ತು ಪೂರ್ತಿ ಬೋರ್‌ವೆಲ್, ಮುಂದಿನ ವಾರ ಪೂರ್ತಿ ನಲ್ಲಿ ನೀರು ಅಂತ ಬದಲಾಯಿಸುವುದು ಗಡಸು ನೀರಿಗಿಂತ ಕೆಟ್ಟದ್ದು. ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಆಂಟಿ ಕ್ಲೋರಿನ್ ಹಾಕದೆ ಸುರಿಯಬೇಡ. ಮೀನಿನ ಕಿವಿರು ಸುಡುವುದು ಮಾತ್ರ ಅಲ್ಲ, ಫಿಲ್ಟರ್‌ನ ಬ್ಯಾಕ್ಟೀರಿಯಾ ಕೂಡ ಸಾಯುತ್ತದೆ.

ಮುಂದೆ ಮೆದು ನೀರು ಬೇಕೆನಿಸಿದರೆ ಮಳೆ ನೀರು ಹಿಡಿ. ಮೊದಲ ಒಂದೆರಡು ಮಳೆ ತಾರಸಿ ತೊಳೆದುಕೊಂಡು ಹೋಗಲಿ, ಆಮೇಲಿನದು ತಗೋ. ಅದನ್ನೂ ಬೆರೆಸಿಯೇ ಹಾಕಬೇಕು, ಬರೀ ಮಳೆ ನೀರಿನಲ್ಲಿ ಪಿಎಚ್ ನಿಲ್ಲುವುದಿಲ್ಲ.

ಪಿಎಚ್ 8 ಇರುವ ನೀರಿನಲ್ಲಿ ಒಂದು ಅಪಾಯ ಇದೆ. ಮೀನಿನ ಗಲೀಜು, ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತದೆ. ಪಿಎಚ್ ಒಂದು ಅಂಕ ಏರಿದರೆ ಅದರಲ್ಲಿ ವಿಷದ ರೂಪದ ಪಾಲು ಸುಮಾರು ಹತ್ತು ಪಟ್ಟು ಏರುತ್ತದೆ. ಅದೇ ಗಲೀಜು ಪಿಎಚ್ 7ರ ನೀರಿನಲ್ಲಿ ಮೀನನ್ನು ಸುಮ್ನೆ ಬಳಲಿಸಿದರೆ, 8ರಲ್ಲಿ ಕೊಂದೇಬಿಡಬಹುದು. ಹಾಗಾಗಿ ಟ್ಯಾಂಕ್ ಸೈಕಲ್ ಆಗದೆ, ಅಂದರೆ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯದೆ, ಮೀನು ತರಬೇಡ. ನಾಲ್ಕರಿಂದ ಆರು ವಾರ. ಗಿಡ ಹಾಕು, ಚಿಟಿಕೆ ಮೀನಿನ ತಿಂಡಿ ಹಾಕಿ ಕೊಳೆಯಲು ಬಿಡು, ಫಿಲ್ಟರ್ ಓಡಲಿ. ಅಮೋನಿಯಾ ಏರಿ ಇಳಿಯುತ್ತದೆ, ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ಅಲ್ಲೇ ನಿಂತ ಮೇಲೆ ಮೀನು. ನಿನ್ನ ಗಪ್ಪಿ ಟ್ಯಾಂಕಿನ ಹಳೆಯ ಸ್ಪಾಂಜನ್ನು ಇದರೊಳಗೆ ಹಿಂಡಿದರೆ ಕೆಲಸ ಬೇಗ ಆಗುತ್ತದೆ. ಆಗಲೂ ಟೆಸ್ಟ್ ಮಾಡಿಯೇ ನಂಬು.

ಕಡಲತಡಿ (ಕುಂದಾಪುರ)

ನಾನೊಂದು ಬೇರೆ ಮಾತು ಹೇಳುತ್ತೇನೆ ಮಾರಾಯ್ರೆ. ಬೋರ್‌ವೆಲ್ ನೀರನ್ನು ಎಲ್ಲರೂ ಶತ್ರು ಮಾಡಿದಿರಿ. ಆ ನೀರು ಹಾಗೇ ಹಿಡಿಸುವ ಸಿಕ್ಲಿಡ್ ನಮ್ಮ ದೇಶದ್ದೇ ಇದೆಯಲ್ಲ!

ಆರೆಂಜ್ ಕ್ರೋಮೈಡ್. ಭಾರತದ ಮತ್ತು ಶ್ರೀಲಂಕಾದ ಮೀನು. ನದಿ ಸಮುದ್ರಕ್ಕೆ ಸೇರುವ ಅಳಿವೆ, ಹಿನ್ನೀರಿನಲ್ಲಿ ಇರುತ್ತದೆ. ಉಪ್ಪುನೀರಿಗೂ ಸೈ, ಸಿಹಿನೀರಿಗೂ ಸೈ. ಮೂರು ಇಂಚಿನ ಸುಮಾರು ಬೆಳೆಯುತ್ತದೆ. ಅಂಗಡಿಯಲ್ಲಿ ಸಿಗುವುದು ಕಿತ್ತಳೆ ಬಣ್ಣದ ಸಾಕಿದ ತಳಿ. ಸ್ವಲ್ಪ ಗಡಸಾದ, ಪಿಎಚ್ ಜಾಸ್ತಿ ಇರುವ ನೀರೇ ಅದಕ್ಕೆ ಇಷ್ಟ.

ಇದರ ಸ್ವಭಾವ ನೋಡಬೇಕು. ಗಂಡು ಹೆಣ್ಣು ಎರಡೂ ಒಂದೇ ತರ ಕಾಣುತ್ತವೆ, ಎರಡೂ ಸೇರಿ ಮೊಟ್ಟೆಗೆ ಗಾಳಿ ಬೀಸುತ್ತವೆ. ಮರಿಗಳು ಈಜಲು ಶುರು ಮಾಡಿದ ಮೇಲೆ ಅಪ್ಪ ಅಮ್ಮನ ಮೈಗೆ ಬಂದು ಬಂದು ಬಾಯಿ ತಾಗಿಸಿ ಹೋಗುತ್ತವೆ. ಆ ಚರ್ಮದ ಮೇಲಿನ ಲೋಳೆಯೇ ಅವಕ್ಕೆ ತಿಂಡಿ. ಅಮೆಜಾನಿನ ಡಿಸ್ಕಸ್ ಅನ್ನುವ ಸಿಕ್ಲಿಡ್‌ನಲ್ಲೂ ಇದನ್ನು ನೋಡಬಹುದು. ಹಿನ್ನೀರಿನಲ್ಲಿ ಚಿಕ್ಕ ಆರೆಂಜ್ ಕ್ರೋಮೈಡ್ ದೊಡ್ಡ ಕರಿಮೀನಿನ ಮೈ ಮೇಲಿನ ಪರಾವಲಂಬಿ, ಶಿಲೀಂಧ್ರ ಕೆರೆದು ತಿಂದು ಸ್ವಚ್ಛ ಮಾಡುವುದೂ ಉಂಟು. ಇಷ್ಟು ವಿಷಯ ಇರುವ ಮೀನು ನಮ್ಮ ಬಾಗಿಲಲ್ಲೇ ಇರುವಾಗ ಎಲ್ಲರೂ ಅಮೆಜಾನ್ ಅಂತ ಓಡುವುದು ನನಗೆ ನಿಜವಾಗಿಯೂ ಬೇಸರ.

ಆದರೆ ಎರಡಡಿಗೆ ಇದು ಕಷ್ಟ. ಗುಂಪಿನ ಮೀನು. ಐದಾರು ಇರಬೇಕು, ಹಾಗಾಗಿ ಮೂರಡಿ ಬೇಕು. ಒಂದೊಂದೇ ಇಟ್ಟರೆ ಮೂಲೆ ಹಿಡಿಯುತ್ತದೆ. ಮುಂದಿನ ಟ್ಯಾಂಕಿಗೆ ನೆನಪಿಟ್ಟುಕೋ. ಅಂಗಡಿಯವರು ಗ್ರೀನ್ ಕ್ರೋಮೈಡ್ ಕೊಟ್ಟರೆ ಮಾತ್ರ ಬೇಡ ಅನ್ನು. ಅದೇ ಕರಿಮೀನು, ಕೇರಳದ ರಾಜ್ಯ ಮೀನು. ದೊಡ್ಡದಾಗುತ್ತದೆ, ಗಿಡವನ್ನೂ ತಿನ್ನುತ್ತದೆ.

ಹೇಮಾವತಿ_ಹುಡುಗ

ಅಣ್ಣ, ಭಾರತದಲ್ಲಿ ಸಿಕ್ಲಿಡ್ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ! ನಮ್ಮ ಕರ್ನಾಟಕದ್ದು ಅಂತ ಯಾವುದಾದರೂ ಇದೆಯಾ?

ತೋಟದಮನೆ (ಪುತ್ತೂರು)

ಇದೆ. ಭಾರತದ ಸ್ವಂತ ಸಿಕ್ಲಿಡ್ ಮೂರೇ ಜಾತಿ. ಎರಡನ್ನು ಕಡಲತಡಿಯವರು ಹೇಳಿದರು. ಮೂರನೆಯದು ಕೆನರಾ ಪರ್ಲ್‌ಸ್ಪಾಟ್, ವೈಜ್ಞಾನಿಕ ಹೆಸರು ಎಟ್ರೋಪ್ಲಸ್ ಕೆನರೆನ್ಸಿಸ್. 1877ರಲ್ಲಿ ಫ್ರಾನ್ಸಿಸ್ ಡೇ ಇದನ್ನು ವಿವರಿಸಿದರು. ಹೆಸರಿನಲ್ಲೇ ಕೆನರಾ ಇದೆ. ಕುಮಾರಧಾರಾ ನದಿಯ ಕಡೆ, ಅಂದರೆ ನಮ್ಮ ದಕ್ಷಿಣ ಕನ್ನಡದಲ್ಲಿ ಸಿಗುವ ಮೀನು. ಮೈಮೇಲೆ ಅಗಲವಾದ ಕಪ್ಪು ಪಟ್ಟೆ, ಅದರ ಮೇಲೆ ಮುತ್ತು ಚೆಲ್ಲಿದಂತೆ ಬಿಳಿ ಚುಕ್ಕೆ. ಉಳಿದ ಎರಡರಂತೆ ಇದು ಉಪ್ಪುನೀರಿನದ್ದಲ್ಲ, ಸಿಹಿನೀರಿನ ಹೊಳೆಯದ್ದು.

ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. ಅದರ ಜಗತ್ತು ಒಂದು ನದಿಯ ಸುತ್ತಮುತ್ತ ಅಷ್ಟೇ. ಹಾಗಾಗಿ ಕೈಮುಗಿದು ಕೇಳುತ್ತೇನೆ, ಹೊಳೆಯಿಂದ ಹಿಡಿದು ತಂದು ಯಾರಾದರೂ ಮಾರಿದರೆ ತಗೊಳ್ಳಬೇಡಿ. "ನಮ್ಮದೇ ಮೀನು, ಒಂದು ಜೊತೆ ಇರಲಿ" ಅನ್ನುವ ಪ್ರೀತಿಯೇ ಅದನ್ನು ಮುಗಿಸಿಬಿಡಬಹುದು. ಅದನ್ನು ನೋಡಬೇಕು ಅನಿಸಿದರೆ ಬೇಸಿಗೆಯಲ್ಲಿ ನೀರು ತಿಳಿಯಾಗಿರುವಾಗ ಹೊಳೆಯ ಬದಿಗೆ ಬನ್ನಿ. ಕಲ್ಲಿನ ಮೇಲೆ ಸುಮ್ನೆ ಕೂತರೆ ಎಷ್ಟೊಂದು ಮೀನು ಕಾಣುತ್ತವೆ.

ಕಡಲತಡಿ

ತೋಟದಮನೆಯವರ ಮಾತಿಗೆ ನನ್ನದೂ ಒಂದು ಸಹಿ.

ಹೇಮಾವತಿ_ಹುಡುಗ

ಖಂಡಿತ ತಗೊಳ್ಳಲ್ಲ ಅಣ್ಣ. ಕ್ರಿಬ್ ಅಂತ ಗಟ್ಟಿ ಮಾಡಿದೆ. ಈಗ ಗಿಡ ಯಾವುದು? ಕೆಂಪು ರೊಟಾಲಾ ನನಗೆ ತುಂಬಾ ಇಷ್ಟ. ಮರಳಿಗೆ ಮನೆ ಕಟ್ಟುವಾಗ ಉಳಿದ ಎಂ-ಸ್ಯಾಂಡ್ ಇದೆ, ಅದು ಆಗುತ್ತಾ?

ಮೈಸೂರು_ಜಲಸಸ್ಯ

ಎಂ-ಸ್ಯಾಂಡ್ ಬೇಡ ಕಂದಾ. ಅದು ಒಡೆದ ಕಲ್ಲು, ಅಂಚು ಚೂಪು. ಕ್ರಿಬ್ ಊಟ ಹುಡುಕುವುದನ್ನು ಹತ್ತಿರದಿಂದ ನೋಡು: ತಲೆ ಕೆಳಗೆ ಮಾಡಿ ಬಾಯ್ತುಂಬ ಮರಳು ತೆಗೆದುಕೊಳ್ಳುತ್ತದೆ, ಎರಡು ಸಲ ಅಗಿಯುತ್ತದೆ, ತಿನ್ನುವುದನ್ನು ಇಟ್ಟುಕೊಂಡು ಮರಳನ್ನು ಕಿವಿರಿನಿಂದ ಸಣ್ಣ ಹೊಗೆಯ ಹಾಗೆ ಹೊರಗೆ ಬಿಡುತ್ತದೆ. ದಿನವಿಡೀ ಇದೇ. ಚೂಪು ಮರಳಾದರೆ ಬಾಯಿ, ಕಿವಿರು ಎಲ್ಲಾ ಗಾಯ. ನುಣುಪಾದ ಹೊಳೆ ಮರಳು ಅಥವಾ ಈಜುಕೊಳದ ಫಿಲ್ಟರ್‌ಗೆ ಹಾಕುವ ಸಿಲಿಕಾ ಮರಳು ತಗೋ. ನೀರು ತಿಳಿಯಾಗುವವರೆಗೆ ತೊಳೆ. ಒಂದು ಚಮಚ ಮರಳಿನ ಮೇಲೆ ವಿನೆಗರ್ ಹಾಕಿ ನೋಡು. ನೊರೆ ಬಂದರೆ ಸುಣ್ಣ ಇದೆ ಅಂತ, ನಿನ್ನ ನೀರು ಇನ್ನೂ ಗಡಸಾಗುತ್ತದೆ.

ಕೆಂಪು ರೊಟಾಲಾ ಮ್ಯಾಕ್ರಾಂಡ್ರಾ ನಮ್ಮ ಪಶ್ಚಿಮ ಘಟ್ಟದ್ದೇ ಗಿಡ, ಹೆಮ್ಮೆಯೇನೋ ಇದೆ. ಆದರೆ ಅದಕ್ಕೆ ಮೆದು ನೀರು, ಜೋರು ಬೆಳಕು, ಸಿಒ2 ಮೂರೂ ಬೇಕು. ಈಗ ಬೇಡ. ನಿನ್ನ ನೀರಿಗೆ ಹೇಳಿ ಮಾಡಿಸಿದ ಗಿಡ ವ್ಯಾಲಿಸ್ನೇರಿಯಾ. ಗಡಸು ನೀರಿನ ಬೈಕಾರ್ಬನೇಟ್‌ನಿಂದಲೇ ಇಂಗಾಲ ತೆಗೆದುಕೊಂಡು ಬೆಳೆಯುವ ತಾಕತ್ತು ಅದಕ್ಕಿದೆ. ಹಿಂಬದಿಗೆ ಸಾಲಾಗಿ ನೆಡು, ಓಡುಬಳ್ಳಿ ಬಿಟ್ಟು ತಾನೇ ಹಬ್ಬುತ್ತದೆ. ಹಾರ್ನ್‌ವರ್ಟ್ ಕೂಡ ಹಾಗೆಯೇ. ಅದಕ್ಕೆ ಬೇರೇ ಇಲ್ಲ, ಕ್ರಿಬ್ ಕೀಳುವುದಕ್ಕೆ ಏನೂ ಸಿಗುವುದಿಲ್ಲ.

ಮುಂದೆ ಮತ್ತು ನಡುವೆ ಅನುಬಿಯಾಸ್, ಜಾವಾ ಫರ್ನ್. ಇವನ್ನು ಮರಳಿಗೆ ಹೂಳಲೇಬಾರದು. ಅಡ್ಡ ಮಲಗಿದ ಆ ದಪ್ಪ ಕಾಂಡ ಹೂತರೆ ಕೊಳೆಯುತ್ತದೆ. ಹತ್ತಿ ದಾರದಲ್ಲಿ ಕಟ್ಟಿಗೆಗೋ ಕಲ್ಲಿಗೋ ಕಟ್ಟಿಬಿಡು. ದಾರ ಕರಗುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ಅಗೆಯುವ ಮೀನಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಅನುಬಿಯಾಸ್ ಪಶ್ಚಿಮ ಆಫ್ರಿಕಾದ್ದು, ಕ್ರಿಬ್ ಕೂಡ ಅಲ್ಲಿಯದೇ. ಜೋಡಿ ಚೆನ್ನಾಗಿ ಕೂಡುತ್ತದೆ.

ಮರಳಿಗೇ ನೆಡುವ ಗಿಡ ಬೇಕಾದರೆ ಕ್ರಿಪ್ಟೋಕೊರೈನ್. ನೆಟ್ಟ ಹೊಸದರಲ್ಲಿ ಎಲೆಯೆಲ್ಲಾ ಕರಗಿ ಹೋಗುತ್ತದೆ. ಸತ್ತಿತು ಅಂತ ಕೀಳಬೇಡ. ಬೇರು ಬದುಕಿರುತ್ತದೆ, ಹೊಸ ಎಲೆ ಬರುತ್ತದೆ. ಬುಡದ ಸುತ್ತ ನಾಲ್ಕೈದು ಗುಂಡುಕಲ್ಲು ಇಟ್ಟರೆ ಕ್ರಿಬ್ ಅಗೆಯುವುದಿಲ್ಲ. ಲೈಟು ದಿನಕ್ಕೆ ಏಳು ಗಂಟೆ ಸಾಕು. ಜಾಸ್ತಿ ಹಾಕಿದರೆ ಪಾಚಿ ಬರುತ್ತದೆ.

ಗುಹೆಗೆ ದುಡ್ಡು ಕೊಡಬೇಡ. ಅರ್ಧ ತೆಂಗಿನ ಕರಟ ತಗೋ, ನಾರು ಕೆರೆದು, ಚೆನ್ನಾಗಿ ಕುದಿಸು. ಅಂಚಿನಲ್ಲಿ ಹೆಣ್ಣು ನುಸುಳುವಷ್ಟು ಸಣ್ಣ ಬಾಗಿಲು ಕೊರೆದು ಬೋರಲು ಹಾಕು. ಎರಡು ಮೂರು ಇಡು, ಅವು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತವೆ. ರಸ್ತೆ ಬದಿಯ ಕಾಡುಬಾದಾಮಿ ಮರದ ಒಣಗಿ ಬಿದ್ದ ಎಲೆ ಎರಡು ತೊಳೆದು ಹಾಕು. ನೀರಿಗೆ ಚಹಾದ ಬಣ್ಣ ಬರುತ್ತದೆ. ಅದು ಮೀನಿಗೆ ಒಳ್ಳೆಯದೇ. ಮರಿಗಳು ಆ ಎಲೆಯ ಮೇಲೆ ಬೆಳೆಯುವ ಸೂಕ್ಷ್ಮ ಜೀವಿಗಳನ್ನು ತಿನ್ನುತ್ತವೆ.

ಬಿಸಿಲುನಾಡು

ತಮ್ಮಾ, ಬಿಸಿಲಿನ ಬಗ್ಗೆ ನನ್ನದೊಂದು ಮಾತು ಕೇಳು. ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೆ 42 ದಾಟುತ್ತದೆ, ಟ್ಯಾಂಕ್ ನೀರು 32–33ಕ್ಕೆ ಹೋಗುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಮುಚ್ಚಳ ತೆಗೆದು ಜಾಲರಿ ಹಾಕಿ, ನೀರಿನ ಮೇಲೆ ಅಡ್ಡಡ್ಡ ಗಾಳಿ ಬೀಸುವ ಹಾಗೆ ಸಣ್ಣ ಫ್ಯಾನ್ ಇಡು. ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಆವಿಯಾಗಿ ಕಡಿಮೆಯಾದಾಗ ಬೋರ್‌ವೆಲ್ ನೀರು ತುಂಬಬೇಡ. ಆವಿಯಾಗುವುದು ನೀರು ಮಾತ್ರ, ಸುಣ್ಣ ಅಲ್ಲೇ ಉಳಿಯುತ್ತದೆ. ಪ್ರತಿ ಸಲ ಬೋರ್‌ವೆಲ್ ಸುರಿದರೆ ಗಡಸು ಏರುತ್ತಲೇ ಹೋಗುತ್ತದೆ. ತುಂಬಲು ಆರ್‌ಒ ಅಥವಾ ಮಳೆ ನೀರು, ಬದಲಿಸಲು ನಿನ್ನ ಬೆರೆಸಿದ ನೀರು. ಇದನ್ನು ಯಾರೂ ಹೇಳಿಕೊಡಲ್ಲ ನೋಡು.

ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಇರಲಿ. ಸ್ಪಾಂಜ್ ಫಿಲ್ಟರ್ ಅದಕ್ಕೇ ಜೋಡಿಸಿಬಿಡಬಹುದು.

ಗಾಜಿನಕೆರೆ

ಚಳಿಗಾಲಕ್ಕೆ 50 ವ್ಯಾಟ್ ಹೀಟರ್ ಸಾಕು, 25–26ಕ್ಕೆ ಇಡು. ನೀರು ಬದಲಿಸುವ ಮೊದಲು ಹೀಟರ್ ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಡು. ಬಿಸಿ ಇರುವಾಗಲೇ ನೀರಿನಿಂದ ಹೊರಗೆ ಬಂದರೆ ಗಾಜು ಸೀಳುತ್ತದೆ. ಕೈ ನೀರಿಗೆ ಹಾಕುವಾಗ ಎಲ್ಲಾ ಸ್ವಿಚ್ ಆಫ್. ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಒಂದು ಬಳುಕು ಬಿಟ್ಟು ಮೇಲೆ ಹೋಗಬೇಕು, ಆಗ ಹನಿ ಜಾರಿದರೂ ಸ್ವಿಚ್ ಬೋರ್ಡಿಗೆ ಹೋಗುವುದಿಲ್ಲ. ಮರಳು, ಕಲ್ಲು, ನೀರು, ಗಾಜು ಸೇರಿ 80 ಕಿಲೋ ಮೀರುತ್ತದೆ. ಓದುವ ಟೇಬಲ್ ಮೇಲೆ ಇಡಬೇಡ. ಸಮತಟ್ಟಾದ ಗಟ್ಟಿ ಸ್ಟ್ಯಾಂಡ್, ಕೆಳಗೆ ಥರ್ಮೋಕೋಲ್ ಹಾಳೆ.

ಕ್ರಿಬ್ ಜೊತೆಗೆ ಇಡುವ ಮೀನು ಮೇಲ್ಭಾಗದಲ್ಲಿ ಈಜುವುದಾಗಿರಲಿ. ಏಳೆಂಟು ಸಣ್ಣ ಟೆಟ್ರಾ ಅಥವಾ ಝೀಬ್ರಾ ಡ್ಯಾನಿಯೊ. ಮೇಲೆ ಅವು ನಿರ್ಭಯವಾಗಿ ಓಡಾಡುವುದನ್ನು ಕಂಡರೆ ಕ್ರಿಬ್‌ಗೂ ಧೈರ್ಯ ಬಂದು ಹೊರಗೆ ಬರುತ್ತದೆ. ತಳದಲ್ಲಿ ಇರುವ ಕೋರಿಡೋರಾಸ್ ಬೇಡ. ಮರಿ ಬಂದಾಗ ಕ್ರಿಬ್ ಅವನ್ನು ಬಡಿದು ಸಾಯಿಸುತ್ತದೆ. "ಟ್ಯಾಂಕ್ ಕ್ಲೀನರ್" ಅಂತ ಸಕ್ಕರ್ ಮೀನು ಕೊಡುತ್ತಾರೆ, ಅದೂ ಬೇಡ. ಒಂದಡಿ ಮೀರಿ ಬೆಳೆಯುತ್ತದೆ. ಜನ ಕೊನೆಗೆ ತಗೊಂಡು ಹೋಗಿ ಕೆರೆಗೆ ಬಿಡುತ್ತಾರೆ.

ಹೇಮಾವತಿ_ಹುಡುಗ

ಎಲ್ಲರೂ ಇಷ್ಟು ಬರೆದಿದ್ದೀರಿ, ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಅಮ್ಮನಿಗೆ ಒಂದು ಚಿಂತೆ: ಪರೀಕ್ಷೆ ಬಂದಾಗ ಯಾರು ನೋಡಿಕೊಳ್ಳುತ್ತಾರೆ, ಊರಿಗೆ ಹೋದರೆ ಏನು ಅಂತ.

ಮೈಸೂರು_ಜಲಸಸ್ಯ

ಅಮ್ಮನ ಚಿಂತೆ ಸರಿಯಾದದ್ದೇ. ಅವರಿಗೆ ಹೇಳು, ವಾರಕ್ಕೆ ಒಂದು ಗಂಟೆಯ ಕೆಲಸ. ಕಾಲು ಭಾಗ ನೀರು ಬದಲಿಸುವುದು, ಗಾಜು ಒರೆಸುವುದು. ಸ್ಪಾಂಜನ್ನು ಆ ತೆಗೆದ ಟ್ಯಾಂಕ್ ನೀರಿನಲ್ಲೇ ಹಿಂಡುವುದು, ನಲ್ಲಿ ಕೆಳಗೆ ಹಿಡಿಯಬಾರದು. ಗಿಡ ದಟ್ಟವಾದಷ್ಟೂ ಕೆಲಸ ಕಡಿಮೆ, ಯಾಕೆಂದರೆ ಅಮೋನಿಯಾ, ನೈಟ್ರೇಟನ್ನು ಗಿಡವೇ ಹೀರುತ್ತದೆ. ಬೆಳೆದ ಮೀನು ಒಂದು ವಾರ ತಿಂಡಿ ಇಲ್ಲದೆ ಆರಾಮಾಗಿ ಇರುತ್ತದೆ. ಊರಿಗೆ ಹೋದಾಗ ಪಕ್ಕದ ಮನೆಯವರಿಗೆ ತಿಂಡಿ ಡಬ್ಬಿ ಕೊಟ್ಟು ಹೋಗಬೇಡ. ಪ್ರೀತಿಯಿಂದ ಮುಷ್ಟಿ ತುಂಬ ಹಾಕಿಬಿಡುತ್ತಾರೆ. ಕಾಗದದ ಸಣ್ಣ ಪೊಟ್ಟಣ ಕಟ್ಟಿ, ಎರಡು ದಿನಕ್ಕೊಂದು ಅಂತ ಹೇಳು, ಡಬ್ಬಿ ಬಚ್ಚಿಡು.

ಮೀನು ಆರಿಸುವಾಗ: ಹೆಣ್ಣು ಗಿಡ್ಡ, ದುಂಡಗೆ, ಹೊಟ್ಟೆ ಕೆಂಪು. ಗಂಡು ಉದ್ದ, ಬೆನ್ನಿನ ರೆಕ್ಕೆಯ ತುದಿ ಚೂಪು. ಅಂಗಡಿಯಲ್ಲಿ ಒಟ್ಟಿಗೆ ಒಂದು ಮೂಲೆ ಕಾಯುತ್ತಿರುವ ಜೊತೆ ಕಂಡರೆ ಅದನ್ನೇ ಕೇಳು. ಬಲವಂತದ ಮದುವೆ ಇಲ್ಲಿ ಆಗುವುದಿಲ್ಲ, ಒಪ್ಪದ ಹೆಣ್ಣನ್ನು ಗಂಡು ಹೊಡೆದು ಹಾಕುತ್ತದೆ. ಎರಡೂ ಜಗಳವಾಡಿದರೆ ಒಂದನ್ನು ವಾಪಸ್ ತಗೊಳ್ಳುತ್ತೀರಾ ಅಂತ ಅಂಗಡಿಯವರನ್ನು ಮೊದಲೇ ಕೇಳಿಟ್ಟುಕೋ.

ಹೇಮಾವತಿ_ಹುಡುಗ

ಅಕ್ಕ, ಅಪ್‌ಡೇಟ್! ಸೈಕಲ್ ಮುಗಿದು, ಜೊತೆ ತಂದೆ. ವ್ಯಾಲಿಸ್ನೇರಿಯಾ ಹಬ್ಬಿದೆ. ಕ್ರಿಪ್ಟ್ ನೀವು ಹೇಳಿದಂತೆಯೇ ಕರಗಿ ಮತ್ತೆ ಎಲೆ ಬಿಟ್ಟಿದೆ. ಬಲಗಡೆಯ ಕರಟದಿಂದ ಹೆಣ್ಣು ಹೊರಗೇ ಬರುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಮರಳಿನ ಮೇಲೆ ಬೂದು ಚುಕ್ಕೆಗಳ ಮೋಡ ಒಂದು ಸರಿಯುತ್ತಿತ್ತು. ಐವತ್ತಕ್ಕಿಂತ ಜಾಸ್ತಿ ಇರಬೇಕು. ಗಂಡು ಗಾಜಿನ ಹೊರಗಿನ ನನ್ನ ಬೆರಳಿಗೂ ಹಾಯಲು ಬರುತ್ತಿದೆ. ಏನು ತಿನ್ನಿಸಲಿ? ಮರಿಗಳನ್ನು ಬೇರೆ ಟ್ಯಾಂಕಿಗೆ ಹಾಕಬೇಕಾ?

ಮೈಸೂರು_ಜಲಸಸ್ಯ

ಶಭಾಷ್! ಬೇರೆ ಮಾಡಬೇಡ. ಅಪ್ಪ ಅಮ್ಮನ ಜೊತೆ ಬೆಳೆಯುವುದನ್ನು ನೋಡಬೇಕೆಂದೇ ಅಲ್ಲವಾ ನೀನು ಇಷ್ಟೆಲ್ಲಾ ಮಾಡಿದ್ದು. ದಿನಕ್ಕೆ ಮೂರ್ನಾಲ್ಕು ಸಲ, ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿ ಸ್ವಲ್ಪ ಸ್ವಲ್ಪ ಕೊಡು. ಸಿಗದಿದ್ದರೆ ಫ್ಲೇಕನ್ನು ಬೆರಳಲ್ಲಿ ಹುಡಿ ಮಾಡಿ ನೀರಲ್ಲಿ ಕಲಸಿ, ಡ್ರಾಪರ್‌ನಿಂದ ಮರಿಗಳ ಹತ್ತಿರ ಬಿಡು. ನೀರು ಬದಲಿಸುವ ಪೈಪಿನ ಬಾಯಿಗೆ ಬಟ್ಟೆ ಕಟ್ಟು. ರಾತ್ರಿ ಲೈಟನ್ನು ದಿಢೀರ್ ಆಫ್ ಮಾಡಬೇಡ. ಮೊದಲು ಟ್ಯಾಂಕ್ ಲೈಟ್, ಅರ್ಧ ಗಂಟೆ ಬಿಟ್ಟು ಕೋಣೆಯ ಲೈಟ್. ಕತ್ತಲಾಗುವ ಮುಂಚೆ ತಾಯಿ ಮರಿಗಳನ್ನು ಬಾಯಲ್ಲಿ ಹೆಕ್ಕಿ ಕರಟದೊಳಗೆ ಉಗುಳಿ ಒಳಗೆ ಸೇರಿಸುತ್ತದೆ. ಅದಕ್ಕೆ ಸಮಯ ಬೇಕು.

ತೋಟದಮನೆ

ಬಹಳ ಖುಷಿಯಾಯಿತು. ಒಂದೇ ಮನವಿ. ಮರಿಗಳು ಜಾಸ್ತಿಯಾದಾಗ ಕೆರೆಗೆ ಬಿಡುವ ಯೋಚನೆ ಯಾವತ್ತೂ ಬೇಡ. ಆಫ್ರಿಕಾದ ಇನ್ನೊಂದು ಸಿಕ್ಲಿಡ್ ತಿಲಾಪಿಯಾ, ನಮ್ಮಲ್ಲಿ ಜಿಲೇಬಿ ಅನ್ನುತ್ತಾರಲ್ಲ, 1952ರಲ್ಲಿ ಭಾರತಕ್ಕೆ ತಂದದ್ದು. ಇವತ್ತು ಯಾವ ಕೆರೆಗೆ ಬಲೆ ಹಾಕಿದರೂ ಅದೇ ಬರುತ್ತದೆ, ನಾಡ ಮೀನಿಗೆ ಜಾಗವೇ ಇಲ್ಲ.

ಗಾಜಿನಕೆರೆ

ಮರಿಗಳು ಒಂದು ಇಂಚು ಆದಾಗ ಈ ಚರ್ಚೆಯಲ್ಲೇ ಬರೆ. ಮರಿ ಅಷ್ಟು ದೊಡ್ಡದಾಗುವ ಹೊತ್ತಿಗೆ ಜೊತೆ ಮತ್ತೆ ಮೊಟ್ಟೆಗೆ ತಯಾರಾಗಿ ಹಳೆ ಮರಿಗಳನ್ನು ಓಡಿಸಲು ಶುರು ಮಾಡಿರುತ್ತದೆ. ಆಗ ಬೇರೆ ಮಾಡಲೇಬೇಕು. ಅಂಗಡಿಯವರು ಮೀನಿನ ತಿಂಡಿಗೆ ಬದಲಾಗಿ ತಗೊಳ್ಳುತ್ತಾರೆ, ಮೊದಲೇ ಕೇಳಿಡು. ನನಗೂ ಆರು ಬೇಕು. ನಾನು ತುಮಕೂರಿಗೆ ಬರುತ್ತಿರುತ್ತೇನೆ, ಬಂದು ತಗೊಂಡು ಹೋಗುತ್ತೇನೆ.

ಹೇಮಾವತಿ_ಹುಡುಗ

ಆರು ನಿಮಗೇ ಸರ್. ಎತ್ತಿಡುತ್ತೇನೆ. ಮಿಕ್ಕಿದ್ದಕ್ಕೆ ಇವತ್ತೇ ಅಂಗಡಿಯಲ್ಲಿ ಕೇಳಿ ಬರುತ್ತೇನೆ. ಬರುವಾಗ ಆರ್ಟೀಮಿಯಾ ಮೊಟ್ಟೆಯೂ ತರಬೇಕು.